ಕುಡುಕರ ಕೋಣೆಯ ಎರ್ಮಿನಿಯಾ

ಗಂಡ ಹನ್ನೆರಡು ವರ್ಷ ಕುಡಿದು ಬಂದು ಬಡಿದಿದ್ದರಿಂದ ಎರ್ಮಿನಿಯಾಳಿಗೆ ಒಂದು ವಿದ್ಯೆ ಒಲಿದಿತ್ತು. ಯಾವ ಗಂಡಸು ಎಷ್ಟು ಕುಡಿದಿದ್ದಾನೆಂದು ಬಾಗಿಲಲ್ಲೇ ಮೂಗಿನಿಂದ ಹೇಳಬಲ್ಲಳು. ಗಂಡ ಸತ್ತ ಮೇಲೆ ಸಾನ್ ಎಲಿಯಾಸ್ ಠಾಣೆಯಲ್ಲಿ ಕುಡುಕರನ್ನು ಕೂಡಿಹಾಕುವ ಕೋಣೆ ತೊಳೆಯುವ ಕೆಲಸ ಹಿಡಿದಳು.

ಆ ಮರಳುಗಾಡಿನ ಊರಲ್ಲಿ ಬಿಸಿಲು ಜೀವ ತೆಗೆಯುವಷ್ಟು ಏರಿದರೆ ಆರೋಗ್ಯ ಕಚೇರಿ ಕೆಂಪು ಎಚ್ಚರಿಕೆ ಹೊರಡಿಸುತ್ತಿತ್ತು. ಆಸ್ಪತ್ರೆ, ಶಾಲೆ, ಇಟ್ಟಿಗೆ ಗೂಡು, ಐಸ್ ಕಾರ್ಖಾನೆ, ಹೀಗೆ ಹನ್ನೊಂದು ಕಡೆಗೆ ಫೋನು ಹೋಗುತ್ತಿತ್ತು. ಠಾಣೆಗೆ ಮಾತ್ರ ಇಲ್ಲ. ಹಿಂದಿನ ಜುಲೈನಲ್ಲಿ ಆ ಕೋಣೆಯಿಂದ ಮೂರು ಹೆಣ ಹೊರಬಿದ್ದವು. ಮೂವರ ಬಾಯಲ್ಲೂ ಹೆಂಡದ ವಾಸನೆ ಇರಲಿಲ್ಲವೆಂದು ಎರ್ಮಿನಿಯಾ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಕಾವಲಿನ ಪೊಲೀಸ ನಸಾರಿಯೊ ಇಟ್ಟಿಗೆ ಗೂಡಿನ ಆಳು ರೊಸೆಂದೊನನ್ನು ಕೂದಲು ಹಿಡಿದು ಎಳೆತಂದ. ತೊದಲುತ್ತ ಕೈ ಬೀಸುತ್ತಿದ್ದವನ ಕಿವಿಗೆ ಬೂಟಿನಿಂದ ಒದ್ದ. ರಕ್ತ ಚಿಮ್ಮಿತು.

"ನನ್ಮೇಲೇ ಕೈ ಮಾಡ್ತೀಯೇನೋ, ಕುಡುಕ ನನ್ಮಗನೆ!"

ಎರ್ಮಿನಿಯಾ ಬಗ್ಗಿ ಮೂಸಿದಳು. ಮೈ ಮುಟ್ಟಿದಳು. ಬೆವರಿಲ್ಲ, ಹೆಂಚಿನ ಮೇಲಿನ ತೋರ್ತಿಯಾ ರೊಟ್ಟಿಯ ಹಾಗೆ ಸುಡುತ್ತಿತ್ತು.

"ಇವ್ನು ಕುಡಿದಿಲ್ಲ ಕಣೋ, ಬೆಂದೋಗಿದಾನೆ. ಆಂಬುಲೆನ್ಸ್ ಕರಿ."

"ನೆಲ ಒರ್ಸೋ ದೋನ್ಯಾ ಯಾವಾಗ ಡಾಕ್ಟರ್ ಆದ್ಲು?" 'ಅಮ್ಮಾವ್ರು' ಎನ್ನುವ ಆ ಮಾತನ್ನು ನಸಾರಿಯೊ ಎಳೆದು ಅಣಕಿಸಿದ.

ಅವಳು ನೀರಿನ ಪೈಪನ್ನು ರೊಸೆಂದೊನ ಮೇಲೆ ತಿರುಗಿಸಿದಳು. ನಸಾರಿಯೊ ಅವಳ ಕೈ ಹಿಡಿದು ತಿರುಚಿದ. ಮಣಿಕಟ್ಟು ಲಟಕ್ಕೆಂದಿತು. ಅವಳು ಇನ್ನೊಂದು ಕೈಯಿಂದ ಕಬ್ಬಿಣದ ಬಕೆಟ್ಟು ಎತ್ತಿ ಅವನ ಮುಖಕ್ಕೆ ಬಾರಿಸಿದಳು. ಅವನು ಒಡೆದ ಮೂಗು ಹಿಡಿದುಕೊಂಡು ಹೊರಗೋಡಿದ. ಪೊಲೀಸರು ಸೋಡಾ ಇಡುತ್ತಿದ್ದ ಐಸ್ ಪೆಟ್ಟಿಗೆಯನ್ನು ಅವಳು ಪಡಸಾಲೆಯಿಂದ ಒಳಗೆಳೆದು, ನೆಲ ಒರೆಸುವ ಕೋಲನ್ನು ಬಾಗಿಲಿಗೆ ಅಡ್ಡ ಸಿಕ್ಕಿಸಿದಳು. ಐಸನ್ನು ಆಳಿನ ಕಂಕುಳಿಗೆ, ಕತ್ತಿಗೆ ಒತ್ತುತ್ತಿದ್ದರೆ ಸರಳುಗಳ ಸಂದಿಯಿಂದ ಲಾಠಿಗಳು ಅವಳ ಬೆನ್ನಿಗೆ ಬೀಳುತ್ತಿದ್ದವು.

"ಆಸ್ಪತ್ರೆಯವ್ರು ಬರ್ಲಿ, ಆಗ ತೆಗೀತೀನಿ!"

ಕೊನೆಗೆ ಪೊಲೀಸರು ಆಂಬುಲೆನ್ಸ್ ಕರೆಯಲೇಬೇಕಾಯಿತು.

ರೊಸೆಂದೊ ಬದುಕಿದ, ಎಡಗಿವಿ ಹೋಯಿತು. ಆಸ್ಪತ್ರೆಯ ವೈದ್ಯೆ ಮೈಯ ಕಾವನ್ನೂ ಬೂಟಿನ ಗುರುತನ್ನೂ ಒಂದೇ ಕಾಗದದಲ್ಲಿ ಬರೆದು ಆರೋಗ್ಯ ಕಚೇರಿಗೆ ಕಳಿಸಿದಳು. ಆ ಮೂರು ಹೆಣಗಳ ಕಡತವೂ ಹೊರಬಂತು. ಮುಂದಿನ ಬೇಸಿಗೆಗೆ ಎಚ್ಚರಿಕೆಯ ಫೋನಿನ ಪಟ್ಟಿಯಲ್ಲಿ ಹನ್ನೆರಡನೆಯದಾಗಿ ಠಾಣೆಯ ನಂಬರು ಸೇರಿತು.

ಈಗ ಕೆಂಪು ದಿನಗಳಲ್ಲಿ ಠಾಣೆಯ ಫೋನು ಬೆಳಿಗ್ಗೆಯೇ ಬಡಿದುಕೊಳ್ಳುತ್ತದೆ. ಎರ್ಮಿನಿಯಾಳ ಮಣಿಕಟ್ಟು ನೆಟ್ಟಗಾಗಲಿಲ್ಲ, ನಸಾರಿಯೊನ ಮೂಗೂ ಅಷ್ಟೆ. ಆ ಸೊಟ್ಟ ಮೂಗನ್ನು ಅವನು ಪೊಲೀಸ್ ವ್ಯಾನಿನ ಬಾಗಿಲಲ್ಲಿ, ಹಿಡಿದು ತಂದ ಪ್ರತಿಯೊಬ್ಬನ ಬಾಯಿಯ ಹತ್ತಿರ ಒಯ್ಯುತ್ತಾನೆ.

"ಇವ್ನ ಬಾಯಿ ನಾರ್ತಿದೆ, ದೋನ್ಯಾ. ಒಳಗ್ ಹಾಕ್ಲಾ?"

"ಮೊದ್ಲು ಮೈ ಮುಟ್ಟಿ ನೋಡೋ. ಕುಡುಕ್ರಿಗೆ ಬಿಸ್ಲು ತಾಗಲ್ವೇನೋ?"