ಮೇಲಿನವರು ನೋಡುವ ಗಲ್ಲಿ

ನಿವೃತ್ತಿಯ ಸನ್ಮಾನದ ದಿನ, ಬಾಹ್ಯಾಕಾಶದಿಂದ ತೆಗೆದ ಮುಂಬಯಿಯ ಇರುಳಿನ ಫೋಟೊದಲ್ಲಿ ಕಾಶಪ್ಪ ಹೆಮ್ಮೆಯಿಂದ ತೋರಿಸಿದ ಕಾಂದಿವಲಿಯ ದೀಪ, ಕನ್ನಡ ಸಂಘದ ಅಧ್ಯಕ್ಷೆ ಮಹಾದೇವಿ ಊದಿದೊಡನೆ ಹಾರಿಹೋಯಿತು. ಅದು ಸಜ್ಜೆ ರೊಟ್ಟಿಯಿಂದ ಉದುರಿದ ಎಳ್ಳು. ಕಾಶಪ್ಪ ವಿಜಯಪುರದವರು, ಮೂವತ್ತು ವರ್ಷ ಇಲ್ಲಿ ಬೀದಿದೀಪ ರಿಪೇರಿ ಮಾಡಿದವರು. ಉಳಿದ ಲೈನ್‌ಮನ್‌ಗಳು ದೀಪದ ಗಾಜನ್ನಷ್ಟೇ ಒರೆಸಿದರೆ ಇವರು ನೆತ್ತಿಯ ತಗಡಿನ ಮೇಲಿನ ಕಾಗೆಯ ಹಿಕ್ಕೆಯನ್ನೂ ಕೆರೆದು, "ಮ್ಯಾಲಿನವರು ನೋಡ್ತಾರ್ರಿ" ಎನ್ನುತ್ತಿದ್ದರು. ನಮಗೆಲ್ಲ ಮೇಲಿನವರೆಂದರೆ ದೇವರು, ಇಲ್ಲವೆ ಎರಡನೇ ಮಹಡಿಯ ಸಾಹೇಬರು, ಇವರಿಗೆ ಗಗನಯಾತ್ರಿಗಳು. ಅವರಿಗಾಗಿ ಏಣಿ ಹತ್ತುವ ಮೊದಲು ತಲೆಯನ್ನೂ ಬಾಚಿಕೊಳ್ಳುತ್ತಿದ್ದರು. ಕಂಬವೊಂದು ವಾಲಿದ್ದರೆ, "ಅಲ್ಲಿಂದ ಸಾಲು ಸೊಟ್ಟ ಕಾಣತೈತಿ" ಎಂದು ವಾರವೆಲ್ಲ ಕೊರಗುತ್ತಿದ್ದರು. ಹೆಂಡತಿ ಭಾಗವ್ವ ಮಾತ್ರ "ಬಲ್ಬ್ ಹಾಕಾವ್ರನ್ನ ಯಾರ ನೋಡ್ತಾರ?" ಎಂದು ಮೂವತ್ತು ವರ್ಷವೂ ಕೇಳಿದ್ದರು. ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ ಕಾಶಪ್ಪ ಈ ಫೋಟೊ ತಂದದ್ದು ಅದಕ್ಕೇ. "ಎಳ್ಳು ಹೋಗ್ಲಿ ಕಾಶಪ್ಪಣ್ಣ, ನಿಮ್ಮ ಗಲ್ಲಿ ಎಲ್ಲೈತ್ರಿ?" ಎಂದರು ಮಹಾದೇವಿ. ಕಾಶಪ್ಪ ಕನ್ನಡಕ ಏರಿಸಿ, ಬಹಳ ಹೊತ್ತು ಹುಡುಕಿ, ಫೋಟೊದ ಕೆಳಗಿನ ತಾರೀಖನ್ನೂ ಓದಿ, ಬೆಳಕಿನ ನಡುವೆ ಕಪ್ಪಾಗಿದ್ದ ಒಂದು ಗೆರೆಯ ಮೇಲೆ ಬೆರಳಿಟ್ಟರು. "ಇದ ನೋಡ್ರಿ. ಅವತ್ತ ಮಗಳ ಲಗ್ನ ಇತ್ತು, ನಾ ರಜಾ ಹಾಕಿದ್ದೆ."