ನೀರಿಗೆ ಹಿಡಿದ ಕೊಡೆ

ಕೋಡಿಬಾಗದ ಕುಪ್ಪನಿಗೆ ಕಾಳಿ ನದಿಯ ಸುಳ್ಳು ಚಿಕ್ಕಂದಿನಿಂದಲೇ ಗೊತ್ತಿತ್ತು. ನೀರೊಳಗಿನ ಮೀನು ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ. ಕಂಡಲ್ಲಿಗೇ ಈಟಿ ಎಸೆದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಕುಪ್ಪ ಯಾವಾಗಲೂ ಗೇಣು ಕೆಳಗೆ ಗುರಿ ಇಡುತ್ತಿದ್ದ. ಆದರೆ ನೀರಿನ ಮೇಲಿನ ಹೊಳಪಿಗೆ ಅವನಲ್ಲಿ ಮದ್ದಿರಲಿಲ್ಲ. ಬಿಸಿಲೇರಿದರೆ ನದಿ ಕನ್ನಡಿಯಾಗಿ, ಮೀನಿನ ಬದಲು ಅವನದೇ ಮುಖ ತೋರಿಸುತ್ತಿತ್ತು. ಅದಕ್ಕೇ ಹೆಂಡತಿ ನೀಲಾ ದೋಣಿಯಲ್ಲಿ ಅವನ ಹಿಂದೆ ನಿಂತು ನೀರಿಗೆ ಕೊಡೆ ಹಿಡಿಯುತ್ತಿದ್ದಳು. ನೆರಳು ಬಿದ್ದಷ್ಟು ಜಾಗದಲ್ಲಿ ತಳದ ಮರಳೂ ಕಾಣುತ್ತಿತ್ತು.

"ಮೀನಿಗೆ ನೆರಳು, ನನ್ನ ತಲೆಗೆ ಬಿಸಿಲು. ಎಂಥಾ ಗಂಡನೋ ನೀನು!" ಎಂದು ಅವಳು ಬೈಯುತ್ತಿದ್ದಳು.

"ಬಾಯಿ ಮುಚ್ಚೆ, ಮೀನು ಓಡ್ತದೆ," ಎನ್ನುತ್ತಿದ್ದ ಕುಪ್ಪ.

ಹೋದ ಮಳೆಗಾಲದಲ್ಲಿ ನೀಲಾ ತೀರಿಕೊಂಡಳು. ಆಮೇಲೆ ನದಿ ಅವನಿಗೆ ಬರೀ ಅವನ ಮುಖವನ್ನೇ ತೋರಿಸಿತು. ನೋಡಿ ನೋಡಿ ಬೇಸತ್ತು, ಒಂದು ದಿನ ಅವಳ ಕೊಡೆಯನ್ನೇ ದೋಣಿಯ ಅಂಚಿಗೆ ಹಗ್ಗದಿಂದ ಬಿಗಿದ. ಹೊಳಪು ಸರಿಯಿತು. ಕೆಳಗೆ ದಪ್ಪ ಶೆವಟೆ ಮೀನೊಂದು ಕಂಡಿತು. ಗೇಣು ಕೆಳಗೆ ಗುರಿ ಇಟ್ಟು ಹೊಡೆದ, ತಪ್ಪಲಿಲ್ಲ.

ಮೀನನ್ನು ದೋಣಿಗೆ ಹಾಕುತ್ತ, ಹಿಂತಿರುಗಿ ನೋಡದೆಯೇ, "ಸಾಕು ಮಾರಾಯ್ತಿ, ಇನ್ನು ನಿನ್ನ ತಲೆಗೆ ಹಿಡ್ಕೊ," ಎಂದ.

ಕೊಡೆ ನೀರಿನ ಮೇಲಿಂದ ಕದಲಲಿಲ್ಲ.