ಹಲ್ಲಕ್ಕ ಜೋಡಿಸಿದ ಪೆಡಲ್ ಸಾಲು

ಓಣಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಲ್ಲುಬ್ಬಿದವಳೇನಲ್ಲ, ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಯಾರದೋ ಬಾಯಿಯ ಅಚ್ಚು ಮುಂದಿಟ್ಟುಕೊಂಡು, ಗುಲಾಬಿ ಮೇಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸಬೇಕು. ಯಾವ ಹಲ್ಲಿನ ಪಕ್ಕ ಯಾವುದು ಎಂಬುದರಲ್ಲಿ ಕೂದಲೆಳೆಯಷ್ಟೂ ತಪ್ಪುವವಳಲ್ಲ. ಮನೆಗೆ ಬಂದು ಕೈಕಾಲು ತೊಳೆದರೆ ಬೇಸ್ ಗಿಟಾರ್ ಎತ್ತಿಕೊಳ್ಳುತ್ತಿದ್ದಳು.

ತಂಗಿಗೆ ಗಿಟಾರ್ ಹಿಡಿಯಲು ಕಲಿಸಿದವಳೂ ಅವಳೇ. ಕಲಿಸಿದ ತಪ್ಪಿಗೆ ಈಗ ಅನುಭವಿಸುತ್ತಿದ್ದಳು. ತಾನು ವರ್ಷಗಟ್ಟಲೆ ಬೆರಳು ಸವೆಸಿ ಕಲಿತದ್ದನ್ನು ಈ ಹುಡುಗಿ ಆಕಳಿಸುತ್ತಾ ನುಡಿಸಿಬಿಡುತ್ತಿದ್ದಳು. ಅದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ದೊಡ್ಡ ಹೋಟೆಲಿನಲ್ಲಿ ನುಡಿಸುವ ತಂಡದ ಡ್ರಮ್ಮಿನವನು ಬೇಸ್ ನುಡಿಸುವವರನ್ನು ಹುಡುಕಿಕೊಂಡು ಮನೆಗೇ ಬಂದ. ಅಕ್ಕನದೂ ಕೇಳಿದ, ತಂಗಿಯದೂ ಕೇಳಿದ, ನೀರು ಕುಡಿದು ಲೋಟ ಕೆಳಗಿಟ್ಟ.

"ದೊಡ್ಡವ್ರು ಒಂದೂ ತಪ್ಪಿಲ್ದೆ ನುಡಿಸ್ತಾರೆ. ಆದ್ರೆ ಚಿಕ್ಕವ್ರು ನುಡಿಸಿದ್ರೆ ನನ್ನ ಕಾಲು ಸುಮ್ನಿರಲ್ಲ. ಭಾನುವಾರ ಇವ್ರೇ ಬಂದು ತಂಡದ ಜೊತೆ ಒಂದ್ಸಲ ನುಡಿಸಿ ನೋಡ್ಲಿ."

ಹಲ್ಲಕ್ಕ ಹಲ್ಲು ತೋರಿಸಿ ನಕ್ಕಳು. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಆ ತಂಡದಲ್ಲಿ ನಿಲ್ಲಬೇಕೆಂದು ಅವಳು ಎಷ್ಟು ಕಾಲದಿಂದ ಆಸೆಪಟ್ಟಿದ್ದಳೋ! ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಭಾನುವಾರ ನುಡಿಸಬೇಕಿದ್ದ ಒಂದು ಹಾಡಿಗೆ ನೆಲ ನಡುಗುವಂಥ ದಪ್ಪ ನಾದ ಬೇಕಿತ್ತು. ಅದಕ್ಕೆ ಪೆಡಲ್‌ಗಳು ಬೇಕು. ಪೆಡಲ್ ಎಂದರೆ ಕಾಲಲ್ಲಿ ಒತ್ತುವ ಸಣ್ಣ ಡಬ್ಬಿ. ಗಿಟಾರಿನ ಸ್ವರ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾದು ಕೊನೆಗೆ ಸ್ಪೀಕರ್ ಸೇರುತ್ತದೆ. ಅಕ್ಕನ ಹತ್ತಿರ ಇದ್ದ ನೀಲಿ ಪೆಡಲ್ ನುಡಿಸಿದ ಸ್ವರಕ್ಕೆ ಕೆಳಸ್ಥಾಯಿಯ ಸ್ವರವೊಂದನ್ನು ಸೇರಿಸುತ್ತಿತ್ತು. ಕೆಂಪು ಪೆಡಲ್ ಸ್ವರವನ್ನು ಒರಟು ಮಾಡಿ ಗುರುಗುಟ್ಟಿಸುತ್ತಿತ್ತು. ನೀಲಿಗೆ ಸ್ವರ ಚೊಕ್ಕಟವಾಗಿ ಸಿಗಬೇಕು. ಕೆಂಪು ಮೊದಲು ಬಂದರೆ, ಬಂದ ಸ್ವರ ಯಾವುದೆಂದೇ ತಿಳಿಯದೆ ನೀಲಿ ತೊದಲತೊಡಗುತ್ತದೆ. ತಂಗಿಗೆ ಇದರ ಗೊಡವೆಯೇ ಇಲ್ಲ.

"ಅಕ್ಕಾ, ನೀನೇ ಜೋಡಿಸಿಕೊಡೇ. ಆ ವೈರುಗಳನ್ನ ನೋಡಿದ್ರೇ ನಂಗೆ ತಲೆ ತಿರುಗುತ್ತೆ."

ಹಲ್ಲಕ್ಕ ಪೆಡಲ್ ಅಂಟಿಸುವ ಹಲಗೆ ಮುಂದಿಟ್ಟುಕೊಂಡು ನೆಲದ ಮೇಲೆ ಕೂತಳು. ರೂಢಿಯಂತೆ ಕೈ ನೀಲಿಯ ಕಡೆಗೇ ಹೋಯಿತು. ಅಷ್ಟರಲ್ಲಿ ಡ್ರಮ್ಮಿನವನ ಕಾಲು ನೆನಪಾಯಿತು. ಕೆಂಪನ್ನು ಮೊದಲು ಅಂಟಿಸಿದಳು, ನೀಲಿಯನ್ನು ಆಮೇಲೆ. ವೈರು ಸಿಕ್ಕಿಸಿ, ಏನೂ ಅರಿಯದವಳ ಹಾಗೆ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಮರುದಿನದಿಂದ ಕೋಣೆಯಲ್ಲಿ ಗೊಳಗೊಳ ಶುರುವಾಯಿತು. "ಬಚ್ಚಲಲ್ಲಿ ಏನೋ ಕಟ್ಕೊಂಡಿದೆ ನೋಡ್ರೇ," ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು. ಹಲ್ಲಕ್ಕನಿಗೆ ಒಳಗೊಳಗೇ ಖುಷಿ. ತಂಗಿ ನುಡಿಸುವುದನ್ನು ನಿಧಾನ ಮಾಡಿದಳು, ಬೆರಳಿಟ್ಟ ಜಾಗ ಬದಲಿಸಿದಳು, ಮತ್ತೆ ಮೊದಲಿಂದ ಹಿಡಿದಳು. ಕೈಯನ್ನೇ ನೋಡಿಕೊಳ್ಳುತ್ತಿದ್ದಳೇ ಹೊರತು ಕಾಲಬುಡದ ಪೆಡಲ್ ಕಡೆಗೆ ಒಮ್ಮೆಯೂ ಬಗ್ಗಲಿಲ್ಲ.

ಶನಿವಾರ ಸಂಜೆ ಹಲ್ಲಕ್ಕ ಕೆಲಸ ಮುಗಿಸಿ ಬಂದಾಗ ತಂಗಿ ಮಂಚದ ಮೇಲೆ ಕೂತಿದ್ದಳು. ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿತ್ತು.

"ನನ್ ಕೈಲಿ ಆಗಲ್ಲ ಅಕ್ಕಾ. ಬೆರಳು ಒತ್ತೋದೇ ಸರಿಯಿಲ್ಲ ಅನ್ಸುತ್ತೆ. ಅವ್ರಿಗೆ ಫೋನ್ ಮಾಡಿ, ನಾಳೆ ಅಕ್ಕ ಬರ್ತಾಳೆ ಅಂದ್ಬಿಟ್ಟೆ. ಅವ್ರು ಒಪ್ಕೊಂಡ್ರು."

"ಪೆಡಲ್ ನೋಡಿದ್ಯಾ?"

"ಅದ್ಯಾಕೆ ನೋಡ್ಲಿ? ನೀನು ಜೋಡಿಸಿದ್ದಲ್ವಾ."

ಬೇಕಾಗಿದ್ದು ತಾನಾಗಿಯೇ ಮಡಿಲಿಗೆ ಬಿದ್ದಿತ್ತು. "ಆಯ್ತು, ಹೋಗ್ತೀನಿ" ಎಂದರೆ ಮುಗಿಯಿತು. ಆದರೆ ಹಲ್ಲಕ್ಕ ಹೆಗಲ ಚೀಲವನ್ನೂ ಇಳಿಸದೆ ನೆಲಕ್ಕೆ ಕೂತು ವೈರು ಕಿತ್ತಳು. ನೀಲಿಯನ್ನು ಮುಂದಕ್ಕೆ ತಂದು ಕೆಂಪನ್ನು ಹಿಂದಕ್ಕೆ ಹಾಕಿದಳು.

"ಈಗ ನುಡಿಸು."

ತಂಗಿ ಒಲ್ಲದ ಮನಸ್ಸಿನಿಂದ ನುಡಿಸಿದಳು. ಕಿಟಕಿಯ ಗಾಜು ಝುಮ್ಮೆಂದಿತು. ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತಳು. ತನ್ನ ಕಾಲೂ ತಾಳ ಹಾಕುತ್ತಿರುವುದನ್ನು ಕಂಡು ಹಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಮಂಡಿಯನ್ನು ಕೈಯಿಂದ ಅದುಮಿ ಹಿಡಿದಳು.

"ನಿನ್ನ ಬೆರಳು ಸರಿಯಾಗೇ ಇತ್ತು. ಪೆಡಲ್ ಹಿಂದುಮುಂದಾಗಿತ್ತು."

"ನಿನ್ ಕೈಲಿ ತಪ್ಪಾಗೋದುಂಟಾ?" ತಂಗಿ ನಕ್ಕಳು.

"ತಪ್ಪಾಗಿದ್ದಲ್ಲ. ಬೇಕಂತ್ಲೇ ಇಟ್ಟೆ."

ನಗು ಮುಖದಲ್ಲೇ ನಿಂತಿತು. ತಂಗಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬೊಬ್ಬೆ ಎದ್ದ ಬೆರಳಿನಿಂದಲೇ ಫೋನ್ ಒತ್ತುತ್ತಾ ಹೊರಗೆ ಹೋದಳು. "ನಾಳೆ ನಾನೇ ಬರ್ತೀನಿ," ಎಂದು ಡ್ರಮ್ಮಿನವನಿಗೆ ಹೇಳುತ್ತಿದ್ದುದು ಒಳಗೆ ಕೇಳಿಸಿತು.

ಈಗ ಹೋಟೆಲಿನಲ್ಲಿ ತಂಗಿಯೇ ನುಡಿಸುತ್ತಾಳೆ. ಹಲ್ಲಕ್ಕ ತಪ್ಪದೆ ಹೋಗಿ ಮೂಲೆಯ ಮೇಜಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾಳೆ. ಹೊಟ್ಟೆಕಿಚ್ಚು ಎಳ್ಳಷ್ಟೂ ಇಳಿದಿಲ್ಲ. ಮೊದಲ ಸಂಜೆ, ತಂಗಿ ವೇದಿಕೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಪೆಡಲ್ ಜೋಡಿಸುತ್ತಿದ್ದಾಗ, ಇವಳು ವೈರು ಹಿಡಿದು ಹತ್ತಿರ ಹೋಗಿದ್ದಳು.

"ಇರ್ಲಿ ಬಿಡಕ್ಕಾ, ನಾನೇ ಮಾಡ್ಕೋತೀನಿ," ಎಂದಳು ತಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಹಲ್ಲಕ್ಕ ಬಗ್ಗಿ ನೋಡಿದಳು. ನೀಲಿ ಮುಂದಿತ್ತು, ಕೆಂಪು ಅದರ ಹಿಂದೆ. ಎಲ್ಲ ಸರಿಯಾಗಿಯೇ ಇತ್ತು. ಹಿಡಿದಿದ್ದ ವೈರನ್ನು ವೇದಿಕೆಯ ಅಂಚಿನ ಮೇಲಿಟ್ಟು ಅವಳು ತನ್ನ ಮೇಜಿಗೆ ಹೋಗಿ ಕೂತಳು.